ಹೊಸ ಪಾಸ್‌ಪೋರ್ಟ್ ಬಂತು, ವೀಸಾ ಎಲ್ಲಿ?

ದುಬೈಯ ದೇರಾದಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಯಾವ ಟೈಪಿಂಗ್ ಸೆಂಟರಿಗೆ ಹೋದರೂ ಕುರ್ಚಿಯಲ್ಲಿ ನಮ್ಮ ಕರಾವಳಿಯವರೊಬ್ಬರು ಸಿಗುತ್ತಾರೆ. ಈಚೆಗೆ ಅವರ ಬಾಯಲ್ಲಿ ಒಂದೇ ಮಾತು: ‘ಸ್ಟಿಕ್ಕರೇ ಇಲ್ಲವಲ್ಲ ಮಾರಾಯ್ರೆ, ಇನ್ನು ಟ್ರಾನ್ಸ್‌ಫರ್ ಯಾವುದಕ್ಕೆ?’

ಮಾತು ಅರ್ಧ ಸರಿ. 2022ರ ಏಪ್ರಿಲ್ 11ರಿಂದ ಯುಎಇಯವರು ರೆಸಿಡೆನ್ಸ್ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸುವುದನ್ನು ಬಿಡತೊಡಗಿದರು. ಎಮಿರೇಟ್ಸ್ ಐಡಿಯೇ, ಅಂದರೆ ನಮ್ಮವರ ಬಾಯಿಯ ‘ಬತಾಕ’ವೇ, ವಾಸದ ದಾಖಲೆಯಾಯಿತು. ಆದರೆ ನಿಂತದ್ದು ಅಂಟಿಸುವ ಕೆಲಸ ಮಾತ್ರ. ಪಾಸ್‌ಪೋರ್ಟ್ ಹೊಸದಾದರೆ ನಂಬರೂ ಹೊಸದು. ಇಮಿಗ್ರೇಶನ್ ಕಂಪ್ಯೂಟರಿನಲ್ಲಿ ನಿಮ್ಮ ವೀಸಾ ಮಾತ್ರ ಹಳೇ ನಂಬರಿಗೇ ಜೋತುಬಿದ್ದಿರುತ್ತದೆ. ಅದನ್ನು ಬಿಡಿಸಿ ತರುವುದು ನಿಮ್ಮ ಪಾಲಿನ ಕೆಲಸ.

1. ಮೊದಲು ಎರಡು ತಾರೀಕು ಪಕ್ಕಪಕ್ಕ ಬರೆದುಕೊಳ್ಳಿ: ಪಾಸ್‌ಪೋರ್ಟ್ ಮುಗಿಯುವ ದಿನ, ವೀಸಾ ಮುಗಿಯುವ ದಿನ. ಎರಡೂ ಹತ್ತಿರ ಹತ್ತಿರ ಇದ್ದರೆ ಅದೃಷ್ಟ. ಪಾಸ್‌ಪೋರ್ಟ್ ಮೊದಲು ಮಾಡಿಸಿ, ವೀಸಾವನ್ನು ಹೊಸ ಪುಸ್ತಕದ ಮೇಲೆಯೇ ರಿನ್ಯೂ ಮಾಡಿಸಿದರೆ ಎರಡು ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಭಾರತದ ಪಾಸ್‌ಪೋರ್ಟನ್ನು ಅವಧಿ ಮುಗಿಯುವ ಒಂದು ವರ್ಷ ಮೊದಲೇ ರಿನ್ಯೂ ಮಾಡಿಸಬಹುದು. ಆರು ತಿಂಗಳಿಗಿಂತ ಕಡಿಮೆ ಉಳಿದ ಪಾಸ್‌ಪೋರ್ಟ್ ಹಿಡಿದು ವೀಸಾ ರಿನ್ಯೂಗೆ ಹೋಗಬೇಡಿ, ಬರಿಗೈಲಿ ಬರುತ್ತೀರಿ.

2. ಹೆಸರಿನ ತಂಟೆಗೆ ಹೋಗಬೇಡಿ. ಇಡೀ ಬರಹದಲ್ಲಿ ಒಂದೇ ಒಂದು ನೆನಪಿಡುವುದಾದರೆ ಇದನ್ನು ನೆನಪಿಡಿ. ನಮ್ಮ ಕನ್ನಡದ ಹೆಸರುಗಳ ಕಥೆ ಗೊತ್ತಲ್ಲ: ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು, ಆಮೇಲೆ ಒಂಟಿ ಹೆಸರು. ಸರ್‌ನೇಮ್ ಖಾನೆ ಖಾಲಿ. ನಮ್ಮ ಬಿಲ್ಡಿಂಗಿನಲ್ಲಿದ್ದ ಶಿವಮೊಗ್ಗ ಕಡೆಯವರೊಬ್ಬರು, 2022ರ ನವೆಂಬರಿನಲ್ಲಿ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾ ಇಲ್ಲ ಎಂಬ ಸುದ್ದಿ ಬಂದಾಗ ಗಾಬರಿಯಾದರು. ಅವರಿಗಿದ್ದದ್ದು ರೆಸಿಡೆನ್ಸ್ ವೀಸಾ. ಆದರೂ ಮುಂದಿನ ರಿನ್ಯೂವಲ್‌ನಲ್ಲಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಬಿಟ್ಟರು. ಪಾಸ್‌ಪೋರ್ಟ್ ಚೆಂದವಾಗಿ ಬಂತು. ಆಮೇಲೆ ನೋಡಿ: ಪಾಸ್‌ಪೋರ್ಟಿನಲ್ಲಿ ಎರಡು ಹೆಸರು, ಬತಾಕದಲ್ಲಿ ಒಂದು, ಬ್ಯಾಂಕಿನಲ್ಲಿ ಇನಿಶಿಯಲ್ ಸಮೇತ ಮೂರನೆಯ ರೂಪ. ನಂಬರು ಬದಲಿಸಲು ಹೋದವರು ಹೆಸರು ತಿದ್ದಿಸುವ ಬೇರೆಯೇ ಸಾಲಿನಲ್ಲಿ ನಿಂತರು. ಅರಬ್ಬಿ ಅಕ್ಷರದ ಹೆಸರೂ ಬದಲಾಗಬೇಕಾಯಿತು. ಕೊನೆಗೆ ‘ಈ ಇಬ್ಬರೂ ಒಬ್ಬರೇ’ ಎಂದು ಕಾಗದ ತರಬೇಕಾಯಿತು. ಅವರ ಹೆಂಡತಿ ಆ ವಿಷಯಕ್ಕೆ ಈಗಲೂ ನಗುತ್ತಾರೆ. ಹೆಸರು ಸರಿಮಾಡಲೇಬೇಕೆಂದಿದ್ದರೆ, ವೀಸಾ ಮುಗಿದು ಹೊಸದು ಮಾಡಿಸುವ ಹೊತ್ತಿಗೆ ಇಟ್ಟುಕೊಳ್ಳಿ.

3. ಊರಿನ ಮನೆಗೆ ಮೊದಲೇ ಫೋನ್ ಮಾಡಿ. ಅರ್ಜಿ ಕೊಡುವುದು ದುಬೈಯಲ್ಲಿ, ಪೊಲೀಸ್ ವಿಚಾರಣೆ ಬಂದರೆ ಬರುವುದು ಊರಿನ ವಿಳಾಸಕ್ಕೆ. ‘ಅವ ಇಲ್ಲಿ ಇಲ್ಲ, ಎಲ್ಲಿದ್ದಾನೋ ಗೊತ್ತಿಲ್ಲ’ ಎಂದು ಅಜ್ಜಿ ಹೇಳಿದರೆ ತಪ್ಪು ಅಜ್ಜಿಯದಲ್ಲ.

4. ಹೊಸ ಪುಸ್ತಕ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲು ಓದಿ. ಹೆಸರಿನ ಪ್ರತಿ ಅಕ್ಷರ, ಹುಟ್ಟಿದ ದಿನ, ಕೊನೆಯ ಪುಟದಲ್ಲಿ ಹಳೇ ಪಾಸ್‌ಪೋರ್ಟಿನ ನಂಬರ್. ಈ ಕೊನೆಯ ಪುಟವೇ ಹಳೆಯದಕ್ಕೂ ಹೊಸದಕ್ಕೂ ಇರುವ ನಂಟು. ಟ್ರಾನ್ಸ್‌ಫರ್ ಅರ್ಜಿಗೆ ಇದರ ಪ್ರತಿಯನ್ನೂ ಇಡಿ. ಮೂಲೆ ಕತ್ತರಿಸಿದ ಹಳೇ ಪಾಸ್‌ಪೋರ್ಟನ್ನು ಮರೆಯದೆ ವಾಪಸ್ ತನ್ನಿ.

5. ಯಾರ ಕೈಯಲ್ಲಿ ಮಾಡಿಸಬೇಕು? ಕಂಪನಿ ವೀಸಾ ಆದರೆ ಕಂಪನಿಯ ಸರ್ಕಾರಿ ಕಾಗದಪತ್ರ ನೋಡುವ ಪಿಆರ್‌ಒ ಕೈಯಲ್ಲಿ. ಹೆಂಡತಿ ಮಕ್ಕಳದಾದರೆ ಸ್ಪಾನ್ಸರ್ ಆದ ನಿಮ್ಮದೇ ಜವಾಬ್ದಾರಿ. ದುಬೈ ವೀಸಾಕ್ಕೆ ವೀಸಾ ಸೇವೆಯ ಆಮೆರ್ ಸೆಂಟರ್; ಅಬುಧಾಬಿ, ಶಾರ್ಜಾ ಮುಂತಾದ ಉಳಿದ ಎಮಿರೇಟುಗಳಿಗೆ ಐಸಿಪಿ (ಫೆಡರಲ್ ಗುರುತು-ಪೌರತ್ವ ಪ್ರಾಧಿಕಾರ) ಆ್ಯಪ್ ಅಥವಾ ಟೈಪಿಂಗ್ ಸೆಂಟರ್. ಪಿಆರ್‌ಒ ‘ನಾಳೆ, ನಾಳೆ’ ಎಂದರೆ ಬಾಯಿಮಾತು ಬಿಟ್ಟು ಈಮೇಲ್ ಹಾಕಿ. ‘ಆಯಿತು’ ಎಂದರೂ ನಂಬಬೇಡಿ. ಆ್ಯಪಿನಲ್ಲಿ ಹೊಸ ನಂಬರ್ ಕಾಣುವವರೆಗೆ ಆಗಿಲ್ಲ. 784ರಿಂದ ಶುರುವಾಗುವ 15 ಅಂಕಿಯ ಐಡಿ ನಂಬರ್ ಬದಲಾಗುವುದಿಲ್ಲ, ಅದಕ್ಕಾಗಿ ಹುಡುಕಾಡಬೇಡಿ.

6. ನಡುವೆ ಊರಿಗೆ ಓಡಬೇಕಾಗಿ ಬಂದರೆ ಎರಡೂ ಪಾಸ್‌ಪೋರ್ಟ್, ಬತಾಕ, ಮೂರನ್ನೂ ಕೈಚೀಲದಲ್ಲಿಡಿ, ಲಗೇಜಿಗೆ ಹಾಕಬೇಡಿ. ತಾಯಿಗೆ ಹುಷಾರಿಲ್ಲವೆಂದು ಮಂಗಳೂರಿಗೆ ಹೋದ ಮಿತ್ರರೊಬ್ಬರು ಹಳೇ ಪುಸ್ತಕವನ್ನು ಮನೆಯ ಕಪಾಟಿನಲ್ಲೇ ಬಿಟ್ಟು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದರು. ಚೆಕ್-ಇನ್ ಕೌಂಟರಿನಲ್ಲಿ ಹೊಸ ನಂಬರ್ ಒತ್ತಿದರೆ ವೀಸಾ ಕಾಣುತ್ತಿಲ್ಲ. ಅವರ ತಮ್ಮ ಬೈಕಿನಲ್ಲಿ ಹಳೇ ಪುಸ್ತಕ ಹಿಡಿದು ಕೆಂಜಾರಿನ ಏರು ಹತ್ತಿ ಬರುವವರೆಗೆ ಇವರು ಬೆವರು ಒರೆಸುತ್ತಾ ನಿಂತಿದ್ದರು. ಟಿಕೆಟ್‌ನಲ್ಲಿ ಹಳೇ ನಂಬರ್ ಕೊಟ್ಟಿದ್ದರೆ ಅದನ್ನೂ ತಿದ್ದಿಸಿ. ಸಾಮಾನ್ಯ ರೆಸಿಡೆನ್ಸ್ ವೀಸಾದವರು 180 ದಿನ ದಾಟಿ ಹೊರಗೆ ಉಳಿದರೆ ವೀಸಾವೇ ಹೋಗಬಹುದು. ‘ಪಾಸ್‌ಪೋರ್ಟ್ ಊರಿನಲ್ಲೇ ಮಾಡಿಸಿಕೊಂಡು ನಿಧಾನಕ್ಕೆ ಬರುತ್ತೇನೆ’ ಎನ್ನುವವರು ಕ್ಯಾಲೆಂಡರ್ ನೋಡಿಕೊಳ್ಳಿ.

7. ಮಕ್ಕಳದನ್ನು ಬೇರೆ ಲೆಕ್ಕ ಹಾಕಿ. ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ, ಚಿಕ್ಕ ಮಕ್ಕಳದಕ್ಕೆ 5. ನಿಮ್ಮದು ಒಮ್ಮೆ ಆಗುವಷ್ಟರಲ್ಲಿ ಅವರದು ಎರಡು ಸಲ ಆಗಿರುತ್ತದೆ.

8. ವೀಸಾ ಟ್ರಾನ್ಸ್‌ಫರ್ ಆದ ವಾರವೇ ಬ್ಯಾಂಕ್, ಮೊಬೈಲ್ ಸಿಮ್, ಮಕ್ಕಳ ಶಾಲೆ, ಊರಿನ ಎನ್‌ಆರ್‌ಇ ಖಾತೆ, ಎಲ್ಲದರಲ್ಲೂ ಹೊಸ ನಂಬರ್ ಹಾಕಿಸಿ. ಸಿಮ್ಮನ್ನು ಎಲ್ಲರೂ ಮರೆಯುತ್ತಾರೆ. ಅದು ನಿಂತ ದಿನ ಅದಕ್ಕೆ ಬರುವ ಒಟಿಪಿಗಳೂ ನಿಲ್ಲುತ್ತವೆ.

9. ಹಳೇ ಪಾಸ್‌ಪೋರ್ಟನ್ನು ರದ್ದಿಗೆ ಹಾಕಬೇಡಿ. ಆದಾಯ ತೆರಿಗೆಯವರು ಊರಿನಲ್ಲಿದ್ದ ದಿನಗಳ ಲೆಕ್ಕ ಕೇಳಿದಾಗ ತೋರಿಸಲು ಆ ಮಾಸಿದ ಇಮಿಗ್ರೇಶನ್ ಮುದ್ರೆಗಳೇ ಬೇಕಾಗುತ್ತವೆ. ನನ್ನ ಮೂರು ಹಳೇ ಪುಸ್ತಕಗಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಗೋದ್ರೆಜ್ ಕಪಾಟಿನಲ್ಲಿವೆ. ಬ್ಯಾಂಡ್ ಎರಡು ಸಲ ಹರಿದಿದೆ, ಬದಲಿಸಿದ್ದೇನೆ.