ಮಧುಮೇಹ: ಲಕ್ಷಣ ಕಾಣುವ ಮೊದಲೇ ಪರೀಕ್ಷೆ



ಮಧುಮೇಹವು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಕಣ್ಣು, ಮೂತ್ರಪಿಂಡ ಹಾಗೂ ನರಗಳಿಗೆ ಹಾನಿ ಮಾಡಬಲ್ಲದು. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಹೊಲಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರ ಪಾದದ ಸ್ಪರ್ಶಜ್ಞಾನ ಕುಂದಿದರೆ, ಕೂಳೆ ಚುಚ್ಚಿದ ಗಾಯವು ಅರಿವಿಗೆ ಬಾರದೆ ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ.

ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಮಧುಮೇಹವಿರುವವರು, ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಿದ ಪುರುಷರು, 80 ಸೆಂ.ಮೀ. ಮೀರಿದ ಮಹಿಳೆಯರು ಹಾಗೂ ಗರ್ಭಾವಸ್ಥೆಯಲ್ಲಿ ರಕ್ತದ ಸಕ್ಕರೆ ಹೆಚ್ಚಿದ್ದವರು ವಿಶೇಷ ಎಚ್ಚರ ವಹಿಸಬೇಕು.

ಕನಿಷ್ಠ 8 ಗಂಟೆ ಉಪವಾಸದ ನಂತರ ಪ್ರತಿ ಡೆಸಿಲೀಟರ್ ರಕ್ತದಲ್ಲಿ 100ರಿಂದ 125 ಮಿ.ಗ್ರಾಂ. ಸಕ್ಕರೆಯಿದ್ದರೆ ಅದು ಪೂರ್ವಹಂತ. ಆಹಾರ ನಿಯಮ, ನಡಿಗೆ ಮತ್ತು ತೂಕ ಇಳಿಕೆಯಿಂದ ರೋಗವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಲ್ಲಿ ಮರುಪರೀಕ್ಷೆ ಅಗತ್ಯ.

30 ವರ್ಷ ಮೇಲ್ಪಟ್ಟವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ತಪಾಸಣೆ ಉಚಿತ. ಸದಸ್ಯರು ಮೊದಲು ಸ್ವತಃ ಪರೀಕ್ಷಿಸಿಕೊಂಡು, ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಂಡಿಸಬೇಕು. ಕೂಲಿಕಾರರು ಕಟಾವಿಗೆ ಹೊರಡುವ ಮುನ್ನ, ಮುಂಜಾನೆಯೇ ಶಿಬಿರ ನಡೆಯುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ದಿನ ನಿಗದಿಪಡಿಸಬೇಕು. ಯಾರ ಫಲಿತಾಂಶವನ್ನೂ ಸಭೆಯಲ್ಲಿ ಬಹಿರಂಗಪಡಿಸತಕ್ಕದ್ದಲ್ಲ.