ದ್ರಾಕ್ಷಾರಸ ಮೇಳದ ಪಾಠ ಮತ್ತು ನಮ್ಮ ಗೇರುಹಣ್ಣು



ಮಾರ್ಚಿಯಿಂದ ಮೇ ತಿಂಗಳವರೆಗೆ ಹಟ್ಟಿಯಂಗಡಿ ಆಸುಪಾಸಿನ ಗೇರು ಹಕ್ಕಲುಗಳಲ್ಲಿ ಬೆಳಿಗ್ಗೆ ಒಂದು ಸುತ್ತು ಬಂದರೆ ಹುಳಿತ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಬೀಜವನ್ನು ತಿರುವಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಎಸೆಯುವುದು ನಮ್ಮ ರೂಢಿ. ಹಣ್ಣಿನ ತೂಕ ಬೀಜದ ತೂಕದ ಆರರಿಂದ ಹತ್ತು ಪಟ್ಟು ಇರುತ್ತದೆ. ಎಂದರೆ, ಒಂದು ಕ್ವಿಂಟಲ್ ಬೀಜ ಮಾರಿದವರು ಕಡಿಮೆಯೆಂದರೂ ಆರು ಕ್ವಿಂಟಲ್ ಹಣ್ಣನ್ನು ಮಣ್ಣುಪಾಲು ಮಾಡಿದ್ದಾರೆ ಎಂದಾಯಿತು. ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ‘ಸಿ’ ಜೀವಸತ್ವವುಳ್ಳ ಹಣ್ಣು ಇದು. ಹಣ್ಣನ್ನು ಹಣವಾಗಿಸುವ ಬಗೆಯನ್ನು ಕಣ್ಣಾರೆ ಕಾಣಬೇಕಾದರೆ ದ್ರಾಕ್ಷಾರಸ ಮೇಳಕ್ಕೆ ಒಂದು ದಿನ ಹೋಗಿ ಬರುವುದು ಲೇಸು.

ಇಬ್ಬರೂ ಕೂಡಿ ಹೋಗಿ

ನಮ್ಮ ರಾಜ್ಯದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಗೆ ಬಂದಿತು. ವೈನ್ ಮಂಡಳಿಯೂ ಸ್ಥಾಪನೆಯಾಯಿತು. ಆ ಬಳಿಕ ಬೆಂಗಳೂರು, ಮೈಸೂರು ಮೊದಲಾದೆಡೆ ವೈನ್ ಮತ್ತು ತಿನಿಸುಗಳ ಮೇಳಗಳು ನಡೆದಿವೆ. ಇಂಥ ಕಡೆಗೆ ಯಜಮಾನರು ಒಬ್ಬರೇ ಹೋಗಿಬರುವುದು ಸಾಮಾನ್ಯ. ಅದು ಸರಿಯಲ್ಲ. ಉಪ್ಪಿನಕಾಯಿ ಕೆಡದಂತೆ ಇಡುವುದು, ಹಿಟ್ಟು ಎಷ್ಟು ಹೊತ್ತಿಗೆ ಹುಳಿ ಬರುತ್ತದೆಂದು ಅಂದಾಜಿಸುವುದು ಮನೆಯಾಕೆಗೆ ಚೆನ್ನಾಗಿ ಗೊತ್ತು. ಮೇಳದಲ್ಲಿ ಕಾಣುವ ವಿದ್ಯೆಯೂ ಇದಕ್ಕೆ ಹತ್ತಿರದ್ದೇ. ಆದ್ದರಿಂದ ದಂಪತಿಗಳಿಬ್ಬರೂ ಹೋಗಿ, ಇಬ್ಬರೂ ಪ್ರಶ್ನೆ ಕೇಳಿ.

ವೈನ್ ಕುಡಿಯಲೇಬೇಕೆಂದಿಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ನೀವು ಹೋಗುವುದು ಕಲಿಯಲು.

ಮೇಳದಲ್ಲಿ ಗಮನಿಸಬೇಕಾದುದು

ಮೊದಲನೆಯದು, ಹಣ್ಣಿನ ಆಯ್ಕೆ. ಬೆಂಗಳೂರು ಸುತ್ತಿನ ‘ಬೆಂಗಳೂರು ನೀಲಿ’ ದ್ರಾಕ್ಷಿಗೂ ವಿಜಯಪುರ, ಬಾಗಲಕೋಟೆ ಕಡೆಯ ಬೀಜರಹಿತ ದ್ರಾಕ್ಷಿಗೂ ಉಪಯೋಗ ಬೇರೆ ಬೇರೆ. ಯಾವ ತಳಿ, ಎಷ್ಟು ಸಿಹಿಗೆ ಬಂದಾಗ ಕೊಯ್ದದ್ದು ಎಂದು ಕೇಳಿ.

ಎರಡನೆಯದು, ಸಕ್ಕರೆಯ ಲೆಕ್ಕ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದಲ್ಲಿರುವ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯಿದ್ದರೆ ಶೇಕಡಾ 1ರಷ್ಟು ಮದ್ಯಸಾರ ಉಂಟಾಗುತ್ತದೆ. 200 ಗ್ರಾಂ ಸಕ್ಕರೆಯುಳ್ಳ ದ್ರಾಕ್ಷಿ ರಸದಿಂದ ಶೇಕಡಾ 12ರ ಸುಮಾರಿನ ವೈನ್ ದೊರೆಯುವುದು ಹೀಗೆ.

ಮೂರನೆಯದು, ಶುಚಿತ್ವ ಮತ್ತು ಲೇಬಲ್ಲು. ತಿನಿಸಿನ ಮಳಿಗೆಗಳಲ್ಲೂ ಬಾಟಲಿ, ಮುಚ್ಚಳ, ತಯಾರಿಸಿದ ದಿನಾಂಕ, ತೂಕ, ಬೆಲೆ ಇವನ್ನು ಗುರುತು ಹಾಕಿಕೊಳ್ಳಿ. ಮನೆಯ ಹಪ್ಪಳ, ಮುರುಗಲ ಹುಳಿಯ ಶರಬತ್ತುಗಳಿಗೂ ಇದೇ ಪಾಠ ಅನ್ವಯಿಸುತ್ತದೆ.

ಗೇರುಹಣ್ಣಿನಿಂದ ವೈನ್ ಆಗದೆ?

ಈ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಆಗುತ್ತದೆ, ಆದರೆ ಎರಡು ತೊಡಕುಗಳಿವೆ. ಗೇರುಹಣ್ಣಿನ ರಸದಲ್ಲಿ ಲೀಟರಿಗೆ ಸುಮಾರು 100ರಿಂದ 120 ಗ್ರಾಂ ಸಕ್ಕರೆ ಮಾತ್ರ ಇರುವುದರಿಂದ ಮದ್ಯಸಾರ ಶೇಕಡಾ 6ರಿಂದ 7ಕ್ಕೇ ನಿಲ್ಲುತ್ತದೆ. ಅಂಥದ್ದು ಬೇಗ ಹುಳಿತು ವಿನಿಗರ್ ಆಗುತ್ತದೆ. ಹೆಚ್ಚಿಗೆ ಸಕ್ಕರೆ ಸೇರಿಸಿಯೇ ಹುದುಗಿಸಬೇಕಾಗುತ್ತದೆ. ಇದಲ್ಲದೆ ಗಂಟಲು ಕೆರೆಯುವ ಒಗರನ್ನೂ ತೆಗೆಯಬೇಕು.

ಅದಕ್ಕಿಂತ ದೊಡ್ಡದು ಕಾನೂನಿನ ಮಾತು. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಅದು ಭಟ್ಟಿ ಇಳಿಸಿದ ಮದ್ಯ, ವೈನ್ ಅಲ್ಲ. ಅಲ್ಲಿಯೂ ಪರವಾನಗಿ ಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ‘ಮೇಳದಲ್ಲಿ ನೋಡಿದೆವು, ಮನೆಯಲ್ಲೂ ಮಾಡಿದೆವು’ ಎಂದರೆ ಕೇಳುವವರಿಲ್ಲ. ಆದುದರಿಂದ ಹುದುಗಿಸದ ದಾರಿಯೇ ನಮಗೆ ಸರಿ.

ಮನೆಯಲ್ಲೇ ಗೇರುಹಣ್ಣಿನ ಶರಬತ್ತು

1. ಚೆನ್ನಾಗಿ ಮಾಗಿದ, ಗಾಯವಾಗದ ಹಣ್ಣನ್ನು ಬೆಳಿಗ್ಗೆ ಮರದಿಂದಲೇ ಬಿಡಿಸಿರಿ. ನೆಲಕ್ಕೆ ಬಿದ್ದು ಒಡೆದದ್ದು ಬೇಡ. ಟೀ ಸೊಳ್ಳೆಯ ಹತೋಟಿಗೆ ಔಷಧಿ ಸಿಂಪಡಿಸಿದ್ದರೆ, ಡಬ್ಬಿಯ ಮೇಲೆ ತಿಳಿಸಿರುವ ಕಾಯುವ ಅವಧಿ ಮುಗಿಯುವವರೆಗೆ ಹಣ್ಣನ್ನು ಉಪಯೋಗಿಸಬಾರದು.

2. ಅದೇ ದಿನ ತೊಳೆದು, ಹೆಚ್ಚಿ, ಶುಭ್ರವಾದ ಬಟ್ಟೆಯಲ್ಲಿ ಹಿಂಡಿರಿ. ಹಣ್ಣು ಒಂದು ದಿನಕ್ಕಿಂತ ಹೆಚ್ಚು ತಾಳದು. ಎರಡು ಕಿಲೋ ಹಣ್ಣಿನಿಂದ ಒಂದು ಲೀಟರಿಗೂ ಮಿಕ್ಕಿ ರಸ ಬರುತ್ತದೆ. ಸ್ಟೀಲ್ ಪಾತ್ರೆಯನ್ನೇ ಬಳಸಿರಿ. ಕಬ್ಬಿಣದ ಪಾತ್ರೆಯಲ್ಲಿ ರಸ ಕಪ್ಪಾಗುತ್ತದೆ.

3. ಒಗರು ತೆಗೆಯಲು ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಆರಿದ ಮೇಲೆ ಬೆರೆಸಿ ಕದಡಿರಿ. ಫ್ರಿಜ್ಜಿನಲ್ಲಿ 12 ಗಂಟೆ ಅಲುಗಾಡದಂತೆ ಇಟ್ಟರೆ ಒಗರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿರಿ. ನೊರೆಯೆದ್ದಿದ್ದರೆ ಆ ರಸವನ್ನು ಬಿಟ್ಟುಬಿಡಿ.

4. ಲೀಟರ್ ತಿಳಿರಸಕ್ಕೆ 2 ಕಿಲೋ ಸಕ್ಕರೆ, 15 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ, ಸಕ್ಕರೆ ಕರಗುವಷ್ಟು ಕಾಯಿಸಿ ಸೋಸಿರಿ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಗಳಿಗೆ ಬಿಸಿಯಿರುವಾಗಲೇ ತುಂಬಿ ಮುಚ್ಚಳ ಹಾಕಬೇಕು.

ಒಂದು ಲೀಟರ್ ರಸಕ್ಕೆ ಸುಮಾರು ಎರಡೂಕಾಲು ಲೀಟರ್ ಶರಬತ್ತು ಬರುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಐವತ್ತಕ್ಕೂ ಹೆಚ್ಚು ಲೋಟಗಳಾಗುತ್ತವೆ. ಸಕ್ಕರೆ, ಬಾಟಲಿ, ಸೌದೆ, ನಿಮ್ಮಿಬ್ಬರ ದುಡಿಮೆ ಎಲ್ಲವನ್ನೂ ಬರೆದಿಟ್ಟು ಲೆಕ್ಕ ಹಾಕಿ. ಮನೆಯಾಕೆಯ ಕೂಲಿಯನ್ನು ಮರೆತು ಹಾಕಿದ ಲಾಭ ಲಾಭವಲ್ಲ. ಹಿಂಡಿದ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿರಿ.

ಮೊದಲ ವರ್ಷ ಹತ್ತು ಕಿಲೋ ಹಣ್ಣಿನಿಂದ ಪ್ರಾರಂಭಿಸಿ, ನೆಂಟರಿಷ್ಟರಿಗೆ ಕೊಟ್ಟು ರುಚಿ ಕೇಳಿ. ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು. ಆರು ಕ್ವಿಂಟಲಿನ ಹಣ್ಣೆಲ್ಲವನ್ನೂ ಒಂದೇ ಮನೆಯವರು ಹಿಂಡಲಾರರು. ನಾಲ್ಕಾರು ಮನೆಯವರು ಸೇರಿದರೆ ಒಂದು ಹಿಂಡುವ ಯಂತ್ರ ಕೊಳ್ಳಬಹುದು. ಹೆಚ್ಚಿನ ತಿಳಿವಳಿಕೆಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವನ್ನಾಗಲಿ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವನ್ನಾಗಲಿ ಕಾಣಬಹುದು.

ಮೇಳದಿಂದ ಬಾಟಲಿ ತರುವುದಕ್ಕಿಂತ ಈ ಒಂದು ಮಾತನ್ನು ಮನೆಗೆ ತನ್ನಿ: ಬಿಡಿಸಿದ ದಿನವೇ ಕೈಗೆತ್ತಿಕೊಂಡ ಹಣ್ಣಿಗೆ ಬೆಲೆಯುಂಟು, ಮರುದಿನಕ್ಕೆ ಅದು ಬರೀ ಕಸ.