ರೊಟ್ಟಿ ಬಿಟ್ಟರೆ ಎಲುಬು ಕಿರಿದಾಗದು

ತಂಗಿ,

ನೀನು ರಾತ್ರಿ ಊಟ ಬಿಟ್ಟಿದ್ದೀ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ನಸುಕಿನಲ್ಲಿ ಓಡಿ ಬಂದು ನಿಂಬೆಹಣ್ಣಿನ ನೀರು, ಮಧ್ಯಾಹ್ನ ಅರ್ಧ ರೊಟ್ಟಿ, ಆಮೇಲೆ ಬರೀ ಚಹಾ. ಹೊಟ್ಟೆಗೆ ರಬ್ಬರ್ ಪಟ್ಟಿ ಬಿಗಿದುಕೊಂಡು ಓಡುತ್ತೀಯಂತೆ. ಯಾಕೆ ಅಂತ ಕೇಳಿದರೆ ‘ನಡ ಸಣ್ಣ ಆಗಬೇಕು, ತೊಡೆ ಇಳೀಬೇಕು’ ಅನ್ನುತ್ತೀಯಂತೆ. ಪೊಲೀಸ್ ಭರತಿಗೆ ತಯಾರಿ ನಡೆಸಿದ ಹುಡುಗಿ ಹೀಗೆ ಉಪವಾಸ ಬಿದ್ದರೆ ನಿಮ್ಮವ್ವನಿಗೆ ನಿದ್ದೆ ಹತ್ತೀತೇ? ನನಗೂ ಹತ್ತಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ನಿನ್ನ ಸೋದರತ್ತೆ. ನಿನ್ನ ಮೈಕಟ್ಟು ಎಲ್ಲಿಂದ ಬಂತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಪಡಸಾಲೆಯ ಗೋಡೆಯ ಮೇಲಿರುವ ಅಜ್ಜಿಯ ಫೋಟೋ ನೋಡು: ಕಿರಿದಾದ ಹೆಗಲು, ಅಗಲ ಟೊಂಕ, ದಪ್ಪ ಮೀನಖಂಡ. ಅದು ನನಗೂ ಬಂತು, ನಿನಗೂ ಬಂದಿದೆ. ಊಟದಿಂದ, ವ್ಯಾಯಾಮದಿಂದ ಮೈ ಬದಲಾಗುತ್ತದೆಯೇ ಎಂದು ನೀನು ಕೇಳಿದರೆ, ಆಗುತ್ತದೆ ಎಂದೇ ಹೇಳುತ್ತೇನೆ. ಆದರೆ ಮೈಯಲ್ಲಿ ಬದಲಾಗುವುದೂ ಇದೆ, ಆಗದೇ ಇರುವುದೂ ಇದೆ. ಎರಡನ್ನೂ ಒಂದೇ ಎಂದುಕೊಂಡು ದುಡಿದರೆ ಬೆವರೂ ವ್ಯರ್ಥ, ಆರೋಗ್ಯವೂ ಹಾಳು.

ಮಹಾರಾಷ್ಟ್ರದ ಜತ್ತ ತಾಲೂಕಿನವರಾದ ನಮಗೆ ಈ ಮಾತು ಕುರಿಹಟ್ಟಿಯಲ್ಲೇ ಗೊತ್ತಿದೆ. ಮಾಡಗ್ಯಾಳದ ಕುರಿ ನೀನು ನೋಡಿಯೇ ಬೆಳೆದವಳು. ಎತ್ತರದ ಕಾಲು, ಉದ್ದ ಮೈ, ಬಾಗಿದ ಮೂಗು, ಜೋತುಬಿದ್ದ ಕಿವಿ, ಬಿಳಿ ಮೈಮೇಲೆ ಕಂದು ಮಚ್ಚೆ. ಅದರ ಪಕ್ಕದಲ್ಲೇ ದಖನಿ ಕುರಿ ಮೇಯುತ್ತದೆ, ಗಿಡ್ಡ, ಮೈತುಂಬ ಒರಟು ಉಣ್ಣೆ. ಬೇಸಿಗೆಯಲ್ಲಿ ಎರಡೂ ಸೊರಗುತ್ತವೆ, ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಎರಡೂ ಮೈದುಂಬುತ್ತವೆ. ಎಷ್ಟೇ ಹಿಂಡಿ ತಿನ್ನಿಸಿದರೂ ದಖನಿ ಕುರಿ ಮಾಡಗ್ಯಾಳದ್ದಾಗುವುದಿಲ್ಲ. ಸಂತೆಯಲ್ಲಿ ಕೊಳ್ಳುವವನ ಕೈ ಗಮನಿಸಿದ್ದೀಯಾ? ತಳಿ ಯಾವುದೆಂದು ಕಣ್ಣಿನಿಂದಲೇ ತಿಳಿಯುತ್ತಾನೆ. ಆಮೇಲೆ ಪಕ್ಕೆಲುಬಿನ ಹಿಂದೆ ಬೆನ್ನಿನ ಎರಡೂ ಬದಿಗೆ ಬೆರಳು ಒತ್ತುತ್ತಾನೆ. ಎಲುಬಿನ ತುದಿ ಚುಚ್ಚಿದರೆ ಮೇವು ಸಾಲದು. ಗಟ್ಟಿ ಮಾಂಸ ಕೈಗೆ ಹತ್ತಿದರೆ ಸಾಕಿದವನು ಚೆನ್ನಾಗಿ ಸಾಕಿದ್ದಾನೆ. ಸಾಕಣೆಯ ಲೆಕ್ಕಕ್ಕೆ ಅವನು ಕಾಲಿನ ಉದ್ದ ನೋಡುವುದಿಲ್ಲ.

ಶಾಲೆಯಲ್ಲಿ ಕಲಿಸುವಾಗ ವರ್ಷವರ್ಷವೂ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುವ ಕೆಲಸ ನನ್ನದೇ ಆಗಿತ್ತು. ಒಂದು ಮನೆಯ ಅಕ್ಕ ತಂಗಿಯರು ಒಬ್ಬರ ಹಿಂದೊಬ್ಬರು ಬಂದು ಗೋಡೆಗೆ ಒರಗಿ ನಿಂತರೆ ಅದೇ ಹೆಗಲು, ಅದೇ ನಿಲುವು. ಎಲುಬಿನ ಅಗಲ, ಹೆಗಲು ಟೊಂಕಗಳ ಹೊಂದಿಕೆ, ಕೈಕಾಲಿನ ಉದ್ದ ಇವೆಲ್ಲ ತಾಯಿತಂದೆಯಿಂದ ಬಂದದ್ದು. ಎಳವೆಯಲ್ಲಿ ಊಟ ಸಾಲದಿದ್ದರೆ ಎತ್ತರ ಕುಂಠಿತವಾಗುತ್ತದೆ ನಿಜ. ಆದರೆ ಹರೆಯ ಮುಗಿಯುವ ಹೊತ್ತಿಗೆ ಎಲುಬಿನ ತುದಿಯ ಬೆಳವಣಿಗೆಯ ಪದರು ಮುಚ್ಚಿಕೊಳ್ಳುತ್ತದೆ. ಆಮೇಲೆ ಉದ್ದ ಮಾಡುವ ಪುಡಿ, ಎಣ್ಣೆ, ಗುಳಿಗೆ ಯಾವುದೂ ಇಲ್ಲ. ನಿನ್ನ ತಮ್ಮನೂ ಭರತಿಗೆ ಬೇಕಾದ 165 ಸೆಂಟಿಮೀಟರ್ ಮುಟ್ಟಬೇಕೆಂದು ಯಾವುದೋ ಡಬ್ಬಿ ತರಿಸಿದ್ದಾನಂತೆ, ಅವನಿಗೂ ಇದನ್ನು ಓದಿಸು.

ಇನ್ನು ಕೊಬ್ಬಿನ ವಿಷಯ. ನಮ್ಮ ತಪ್ಪು ತಿಳಿವಳಿಕೆ ಹೆಚ್ಚಾಗಿ ಇರುವುದು ಇಲ್ಲೇ. ಕೆನಡಾದ ಕ್ವಿಬೆಕ್‌ನಲ್ಲಿ ಕ್ಲೋಡ್ ಬುಶಾರ್ ಎಂಬ ವಿಜ್ಞಾನಿಯ ತಂಡ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ಉಣಿಸಿತು. ಫಲಿತಾಂಶ ಪ್ರಕಟವಾದದ್ದು 1990ರಲ್ಲಿ. ಉಂಡ ಹೆಚ್ಚುವರಿ ಊಟ ಎಲ್ಲರದೂ ಒಂದೇ, ಆದರೆ ಒಬ್ಬನ ತೂಕ 4.3 ಕಿಲೋ ಏರಿತು, ಇನ್ನೊಬ್ಬನದು 13.3 ಕಿಲೋ. ಅಣ್ಣ ಎಷ್ಟು ಏರಿದನೋ ತಮ್ಮನೂ ಹೆಚ್ಚುಕಡಿಮೆ ಅಷ್ಟೇ ಏರಿದ, ಅಣ್ಣನಿಗೆ ಎಲ್ಲಿ ಕೊಬ್ಬು ಕೂತಿತೋ ತಮ್ಮನಿಗೂ ಅಲ್ಲೇ ಕೂತಿತು. ನಿನ್ನ ಗೆಳತಿ ನಿನ್ನಷ್ಟೇ ಉಂಡೂ ತೆಳ್ಳಗಿದ್ದರೆ ಅದು ಅವಳ ಹೆಚ್ಚುಗಾರಿಕೆ ಅಲ್ಲ, ನಿನ್ನ ಸೋಮಾರಿತನವೂ ಅಲ್ಲ.

ಕರಗುವಾಗಲೂ ಕೊಬ್ಬು ನಾವು ಹೇಳಿದ ಜಾಗದಿಂದ ಕರಗುವುದಿಲ್ಲ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದರು. ಬ್ಯಾಟು ಹಿಡಿಯುವ ತೋಳಿನ ಸ್ನಾಯು ದಪ್ಪವಾಗಿತ್ತು, ಚರ್ಮದಡಿಯ ಕೊಬ್ಬಿನ ಪದರು ಮಾತ್ರ ಎರಡೂ ಕಡೆ ಸುಮಾರು ಒಂದೇ. ವರ್ಷಗಟ್ಟಲೆ ಒಂದೇ ಕೈ ಬೀಸಿದವರ ಕತೆ ಇದಾದರೆ, ಹೊಟ್ಟೆಯ ಕಸರತ್ತು ನೂರು ಸಲ ಮಾಡಿ ಹೊಟ್ಟೆ ಮಾತ್ರ ಇಳಿಯಲಿ ಎಂದರೆ ಹೇಗೆ? ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದು ಒಳ್ಳೆಯದೇ. ಆ ರಬ್ಬರ್ ಪಟ್ಟಿಯನ್ನು ಮಾತ್ರ ತೆಗೆದು ಒಗೆ. ಅದು ಇಳಿಸುವುದು ಬೆವರನ್ನು. ಎರಡು ಲೋಟ ನೀರು ಕುಡಿದರೆ ತೂಕ ಮರಳಿ ಬರುತ್ತದೆ. ಓಡುವಾಗ ಉಸಿರು ಬಿಗಿಯುವುದೊಂದೇ ಅದರ ಲಾಭ.

ನೀನು ಅಷ್ಟು ಬೇಸರಪಡುವ ತೊಡೆಯ ಬಗ್ಗೆ ಒಂದು ಮಾತು. 1947ರಲ್ಲೇ ಫ್ರಾನ್ಸಿನ ಮಾರ್ಸೇಲ್‌ನ ವೈದ್ಯ ಜಾನ್ ವಾಗ್ ಗುರುತಿಸಿದ್ದರು: ಸಕ್ಕರೆ ಕಾಯಿಲೆಯಂಥ ರೋಗಗಳು ಹೊಟ್ಟೆಯ ಸುತ್ತ ಬೊಜ್ಜು ಕೂಡುವವರಿಗೆ ಹೆಚ್ಚು ಹತ್ತುತ್ತವೆ, ಟೊಂಕ ತೊಡೆಗಳಲ್ಲಿ ಕೂಡುವವರಿಗೆ ಅಷ್ಟಿಲ್ಲ. ಆಮೇಲೆ ಬಂದ ಸಂಶೋಧನೆಗಳೂ ಅದನ್ನೇ ಹೇಳಿವೆ. ಹರೆಯದಲ್ಲಿ ಹೆಣ್ಣಿನ ಹಾರ್ಮೋನು ಕೊಬ್ಬನ್ನು ತೊಡೆಗೆ ಕಳಿಸುತ್ತದೆ, ಮುಟ್ಟು ನಿಂತ ಮೇಲೆ ಅದು ಹೊಟ್ಟೆಯ ಕಡೆ ಸರಿಯುತ್ತದೆ. ಹಾಗಾಗಿ ಎಚ್ಚರ ಬೇಕಾದದ್ದು ಈಗ ನನಗೆ, ನಿನ್ನ ತೊಡೆಗಲ್ಲ.

ಹಾಗೆಂದು ತೆಳ್ಳಗಿದ್ದವರೆಲ್ಲ ಕ್ಷೇಮ ಎಂದೂ ಅಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 1993ರಿಂದ ಪುಣೆ ಸುತ್ತಲಿನ ಹಳ್ಳಿಗಳ ಬಸುರಿಯರನ್ನು, ಅವರ ಕೂಸುಗಳನ್ನು ಅಭ್ಯಾಸ ಮಾಡುತ್ತ ಬಂದವರು. ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ತೂಕ ಇಷ್ಟು ಕಡಿಮೆ ಇದ್ದರೂ ನಮ್ಮ ಕೂಸುಗಳಲ್ಲಿ ಕೊರತೆಯಾಗಿದ್ದು ಸ್ನಾಯು, ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. 2004ರಲ್ಲಿ ಅವರು ತಮ್ಮದೇ ಮೈ ಅಳೆಸಿಕೊಂಡು ಲಂಡನ್ನಿನ ಡಾ. ಯುಡ್ಕಿನ್ ಜೊತೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮವರಿಗೆ ತಕ್ಕಡಿ ಪೂರ್ತಿ ಸತ್ಯ ಹೇಳುವುದಿಲ್ಲ. ಉಪವಾಸ ಮಾಡಿ ಇಳಿಸಿದ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವ ಜನ ನಾವು, ಅದನ್ನೂ ಕಳೆದುಕೊಂಡರೆ ಉಳಿಯುವುದೇನು?

ಅದಕ್ಕೇ ತಕ್ಕಡಿ ಬಿಟ್ಟು ಶಿಂಪಿಗನ ಟೇಪು ತಗೋ. ಕೊನೆಯ ಪಕ್ಕೆಲುಬು, ಟೊಂಕದ ಎಲುಬಿನ ಮೇಲಂಚು, ಇವೆರಡರ ನಡುವೆ ಬೆತ್ತಲೆ ಮೈಮೇಲೆ ಟೇಪು ಸುತ್ತು. ಹೊಟ್ಟೆ ಒಳಗೆಳೆದುಕೊಳ್ಳಬೇಡ, ಸಹಜವಾಗಿ ಉಸಿರು ಬಿಟ್ಟಾಗ ಓದು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಇದರೊಳಗಿದ್ದರೆ ಸರಿ. ನೀನು ಒಳಗೇ ಇರುತ್ತೀ ಎಂದು ನನಗೆ ನಂಬಿಕೆ ಇದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಭರತಿಯಲ್ಲಿ ನಿನ್ನಿಂದ ಏನು ಕೇಳುತ್ತಾರೆ, ಅದನ್ನು ಯೋಚಿಸು. ಎತ್ತರ 155 ಸೆಂಟಿಮೀಟರ್, ಅದು ನಿನಗಿದೆ. 800 ಮೀಟರ್ ಓಟ, 100 ಮೀಟರ್ ಓಟ, 4 ಕಿಲೋದ ಗುಂಡು ಎಸೆತ. ತೊಡೆಯ ಸುತ್ತಳತೆಗೆ ಯಾರೂ ಅಂಕ ಕೊಡುವುದಿಲ್ಲ. ಗುಂಡು ಎಸೆಯುವುದು ಕೈಯಿಂದ ಎಂದು ಹುಡುಗಿಯರು ತಿಳಿದಿರುತ್ತಾರೆ. ನಿಜವಾದ ಬಲ ಹೊರಡುವುದು ಕಾಲಿನಿಂದ, ಟೊಂಕ ತಿರುಗಿ ಹೆಗಲಿಗೆ ಏರಿ ಕೊನೆಗೆ ಕೈಗೆ ಬರುತ್ತದೆ. ನೀನು ಹಸಿದು ಕರಗಿಸಲು ಹೊರಟ ತೊಡೆಯೇ ಅಲ್ಲಿ ನಿನ್ನ ಆಸ್ತಿ.

ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಪದಕ ತಂದವರು. ಅವರು ಆಡಿದ್ದು 57 ಕಿಲೋದ ವರ್ಗದಲ್ಲಿ. ನಮ್ಮ ಸಾಂಗಲಿ ಜಿಲ್ಲೆಯ ಕವಠೆ ಪಿರಾನದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಅದಕ್ಕಿಂತ ಎಷ್ಟೋ ಮೇಲಿನ ತೂಕದಲ್ಲಿ. ಎಷ್ಟು ಜೋರ್ ಬೈಠಕ್ ತೆಗೆದರೂ ಜಾಧವರ ಮೈ ಮಾನೆಯವರ ಮೈ ಆಗುತ್ತಿರಲಿಲ್ಲ. ಅವರು ಅದಕ್ಕೆ ಪ್ರಯತ್ನಿಸಿದವರೂ ಅಲ್ಲ. ತಮ್ಮ ಮೈಯನ್ನು ಅದರ ತುತ್ತತುದಿಯವರೆಗೆ ಒಯ್ದರು.

ನಿನ್ನ ಮೈಯನ್ನೂ ಹಾಗೆ ಒಯ್ಯಬಹುದು. ವಾರಕ್ಕೆ ಮೂರು ದಿನ ಬೈಠಕ್, ಗೋಡೆಗೋ ನೆಲಕ್ಕೋ ಕೈಯೂರಿ ಜೋರ್, ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಬೆನ್ನು ನೆಟ್ಟಗಿಟ್ಟು ನಡಿಗೆ. ನಡುವೆ ಒಂದು ದಿನ ಬಿಡುವು ಕೊಡು, ಸ್ನಾಯು ಕಟ್ಟುವುದು ಬಿಡುವಿನಲ್ಲೇ. ಮೂರು ತಿಂಗಳು ಹೀಗೆ ಮಾಡಿದರೆ ಹೆಗಲು ತುಸು ತುಂಬುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಕನ್ನಡಿಯಲ್ಲಿ ಬೇರೆಯೇ ನಿಲುವು ಕಾಣುತ್ತದೆ. ಟೊಂಕದ ಎಲುಬು ಅಷ್ಟೇ ಅಗಲ ಇರುತ್ತದೆ, ಇರಲಿ. ಮೈಕಟ್ಟಿನಲ್ಲಿ ವ್ಯಾಯಾಮ ತರಬಲ್ಲ ಬದಲಾವಣೆ ಇದು, ಮತ್ತು ಇದು ಸಣ್ಣದೇನಲ್ಲ.

ಊಟಕ್ಕೆ ಬರೋಣ. ರೊಟ್ಟಿ ಬಿಡಬೇಡ. ಜೋಳದ ರೊಟ್ಟಿ, ಹೆಸರು, ಮಡಿಕೆ, ತೊಗರಿ, ಪುಂಡಿಪಲ್ಯ, ಮೊಸರು, ಶೇಂಗಾ ಹಿಂಡಿ, ಇದನ್ನುಂಡು ನಮ್ಮ ಹಿರಿಯರು ಹೊಲ ದುಡಿದಿದ್ದಾರೆ. 50 ಕಿಲೋದ ಹುಡುಗಿಗೆ ದಿನಕ್ಕೆ ಕಡಿಮೆಯೆಂದರೂ 40 ಗ್ರಾಂ ಪ್ರೋಟೀನು ಬೇಕು, ಓಡುವವಳಿಗೆ ಇನ್ನೂ ಹೆಚ್ಚು. ನೂರು ಗ್ರಾಂ ಶೇಂಗಾದಲ್ಲೇ 25 ಗ್ರಾಂ ಇರುತ್ತದೆ, ಒಂದು ತತ್ತಿಯಲ್ಲಿ 6. ನಮ್ಮ ಮನೆಯಲ್ಲಿ ತತ್ತಿ ನಡೆಯುವುದಿಲ್ಲ, ಗೊತ್ತು. ಹಾಗಾದರೆ ಕಾಳು, ಮೊಸರು ಹೆಚ್ಚಿಗೆ ಹಾಕಿಸಿಕೋ. ಡಬ್ಬಿಯ ಪ್ರೋಟೀನು ಪುಡಿ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಆ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳುತ್ತದೆ. ಕಡಿಮೆ ಮಾಡುವುದೇ ಇದ್ದರೆ ದಿನಕ್ಕೆ ನಾಲ್ಕು ಸಲದ ಚಹಾದ ಸಕ್ಕರೆ, ಅದರ ಜೊತೆಗಿನ ಖಾರಿ, ಟೋಸ್ಟು, ಫರಸಾಣ ಕಡಿಮೆ ಮಾಡು.

ಓಡುವಾಗ ಎರಡನೇ ಸುತ್ತಿಗೇ ಎದೆ ಹೊಡೆದುಕೊಳ್ಳುತ್ತದೆ ಅಂದೆಯಲ್ಲ, ಅದಕ್ಕೆ ತೊಡೆಯ ಭಾರ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ರಕ್ತ ಕಡಿಮೆ ಇದ್ದೀತು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಕಂಡಿದೆ. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ನೋಡಿಸು. 12ಕ್ಕಿಂತ ಕೆಳಗಿದ್ದರೆ ವೈದ್ಯರು ಕಬ್ಬಿಣಾಂಶದ ಗುಳಿಗೆ ಬರೆದುಕೊಡುತ್ತಾರೆ, ತಪ್ಪಿಸದೆ ತಗೋ. ಖಾಲಿ ಹೊಟ್ಟೆಗೆ ಕುಡಿಯುವ ಆ ನಿಂಬೆಹಣ್ಣನ್ನು ಪಲ್ಯ, ಕಾಳಿನ ಮೇಲೆ ಹಿಂಡಿಕೋ, ಅದರಲ್ಲಿನ ಕಬ್ಬಿಣ ಮೈಗೆ ಹತ್ತುತ್ತದೆ. ಚಹಾ ಅದನ್ನು ತಡೆಯುತ್ತದೆ, ಊಟವಾಗಿ ಒಂದು ತಾಸಾದರೂ ಬಿಟ್ಟು ಕುಡಿ.

ಇನ್ನೊಂದನ್ನು ನಾಚದೆ ಹೇಳು. ಮುಟ್ಟು ಸರಿಯಾಗಿ ಬರುತ್ತಿದೆಯೇ? ಕಡಿಮೆ ಉಂಡು ಹೆಚ್ಚು ಓಡುವ ಹುಡುಗಿಯರಿಗೆ ಅದು ನಿಂತುಹೋಗುವುದುಂಟು, ಎಲುಬು ಟೊಳ್ಳಾಗಲು ಶುರುವಾಗುವುದೂ ಆಗಲೇ. ಮೂರು ತಿಂಗಳು ಬಾರದಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು. ನಿಮ್ಮವ್ವನ ಹತ್ತಿರ ಹೇಳಲು ಸಂಕೋಚವಾದರೆ ನನಗೆ ಫೋನ್ ಮಾಡು, ನಾನೇ ಬಂದು ಕರೆದೊಯ್ಯುತ್ತೇನೆ.

ತೊಡೆಗೆ ತೊಡೆ ಉಜ್ಜಿ ಉರಿಯುತ್ತದೆ ಎಂದರೆ ಅದಕ್ಕೆ ತೊಡೆ ಇಳಿಯುವವರೆಗೆ ಕಾಯಬೇಡ. ಮೊಣಕಾಲಿನವರೆಗೆ ಬಿಗಿಯಾಗಿ ಬರುವ ಒಳಚಡ್ಡಿ ಹಾಕಿಕೋ, ಓಡುವ ಮುಂಚೆ ಉಜ್ಜುವ ಜಾಗಕ್ಕೆ ವ್ಯಾಸಲೀನ್ ಹಚ್ಚಿಕೋ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ವಿಜಯಪುರದ ಕಡೆಯಿಂದ ನಡೆದು ಬರುವ ಹೆಂಗಸರನ್ನು ಪ್ರತಿ ವರ್ಷ ನೋಡುತ್ತೀ. ಅವರಲ್ಲಿ ನಿನ್ನಂಥ, ನನ್ನಂಥ ಮೈಯವರು ಎಷ್ಟು ಜನ! ರಾತ್ರಿ ಹಗಲು ನಡೆದು ಬರುವುದು ಆ ಕಾಲುಗಳೇ.

ಹೋದ ತಿಂಗಳು ನಿನ್ನನ್ನು ನೋಡಲು ಬಂದವರು ‘ಹುಡುಗಿ ಸ್ವಲ್ಪ ದಪ್ಪ’ ಅಂದದ್ದು ನನ್ನ ಕಿವಿಗೂ ಬಿದ್ದಿದೆ. ರೊಟ್ಟಿ ಬಿಡಿಸಿದ್ದು ಆ ಮಾತೇ ಎಂದೂ ಗೊತ್ತು. ಭರತಿ ಮುಗಿಯುವವರೆಗೆ ಮನೆಗೆ ಯಾರನ್ನೂ ಕರೆಯಬೇಡ ಎಂದು ಅಣ್ಣನಿಗೆ ಹೇಳಿದ್ದೇನೆ, ಅವನು ಒಪ್ಪಿದ್ದಾನೆ. ಇವತ್ತು ರಾತ್ರಿಯಿಂದಲೇ ಎರಡು ರೊಟ್ಟಿ, ಕಾಳಿನ ಪಲ್ಯ, ಒಂದು ಬಟ್ಟಲು ಮೊಸರು ಹಾಕಿಸಿಕೊಂಡು ಉಣ್ಣು. ಆರೋಗ್ಯ ಕೇಂದ್ರದ ಚೀಟಿ ಕೈಗೆ ಬಂದ ಕೂಡಲೇ ಫೋಟೋ ತೆಗೆದು ನನಗೆ ಕಳಿಸು.